ಸರದಿ ಬಾರದ ಕ್ವೇಸಾರ್

ಎಂಬತ್ತರ ದಶಕದ ಮೊದಲಲ್ಲಿ ನಾನು ಜಗಳೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಭೌತಶಾಸ್ತ್ರದ ಮೇಡಂ, ಚನ್ನಗಿರಿ ಕಡೆಯವರು. ಮಾತಾಡುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

ಕ್ವೇಸಾರ್ ಎಂಬ ಬಹುದೂರದ ಉಜ್ವಲ ಕಾಯಗಳು ಸೂಸುವ ಎಕ್ಸ್-ರೇ ಅವರ ಪಿಎಚ್.ಡಿ. ವಿಷಯ. ಆ ಕಿರಣಗಳನ್ನು ನಮ್ಮ ವಾಯುಮಂಡಲ ಕೆಳಗೆ ಬಿಡುವುದಿಲ್ಲ. ಅದಕ್ಕೇ ವಿದೇಶದವರು ಬಾಹ್ಯಾಕಾಶಕ್ಕೆ ಹಾರಿಸಿದ್ದ ದೂರದರ್ಶಕವೊಂದರಲ್ಲಿ ತಮ್ಮ ಕ್ವೇಸಾರನ್ನು ನೋಡಿಸಲು ಬಹಳ ಓಡಾಡಿ ಒಪ್ಪಿಗೆ ಪಡೆದು, ತಮ್ಮ ಸರದಿಗೆ ಕಾಯುತ್ತಿದ್ದರು. ಮದುವೆ ಯಾವಾಗ, ಪಿಎಚ್.ಡಿ. ಯಾವಾಗ ಎಂದು ಯಾರು ಕೇಳಿದರೂ, "ಸರದಿ ಬರ್ತೈತೆ ಬಿಡ್ರಿ" ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ಬೆಂಗಳೂರಿನಿಂದ ಅವರ ಗೈಡ್ ಟ್ರಂಕ್‌ಕಾಲ್ ಮಾಡಿದರು. ಮೇಡಂ ಫೋನು ಕೆಳಗಿಟ್ಟಾಗ ಮುಖ ಬಿಳಿಚಿತ್ತು.

"ಏನಾಯ್ತ್ರಿ ಮೇಡಂ?" ಎಂದೆ.

"ಆ ದೂರದರ್ಶಕಾನ ಬೇಕಾದ ಕಡೆ ತಿರುಗಿಸಾಕೆ ಇದ್ದ ಗ್ಯಾಸ್ ಮುಗಿದೈತಂತೆ ಸರ್. ಇನ್ಮೇಲೆ ಅದು ಏನೂ ನೋಡಾಂಗಿಲ್ಲ."

"ಇನ್ನೊಂದು ಹಾರಿಸ್ತಾರಲ್ರಿ?"

"ಹಾರಿಸ್ತಾರೆ. ಅಷ್ಟೊತ್ತಿಗೆ ನನ್ನ ನೆನಪು ಯಾರಿಗಿರ್ತೈತೆ?"

ಬೆಲ್ ಹೊಡೆಯಿತು. ತರಗತಿಗೆ ಹೋಗಿ ಪಾಠ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಅವರ ದನಿ ನಿಂತಿತು. ಹೋಗಿ ನೋಡಿದರೆ ಮೇಜಿನ ಮೇಲೆ ತಲೆಯಿಟ್ಟು ಅಳುತ್ತಿದ್ದರು. ವಿದ್ಯಾರ್ಥಿಗಳು ಒಬ್ಬೊಬ್ಬರೇ ಸದ್ದಿಲ್ಲದೆ ಹೊರಗೆ ಬಂದರು. ಕೊನೆಗೆ ಬಂದ ಹುಡುಗಿ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದಳು.