ಸಿಮೆಂಟಿನ ಆಲದ ಮರ

ನಮ್ಮಪ್ಪ ಸಿಮೆಂಟಿನಾಗ ಮರ ಮಾಡ್ತಿದ್ದ. ಔರಂಗಾಬಾದಿನ ಒಂದು ಹೋಟೆಲಿನ ತೋಟದಾಗ ಕಲತ ಕೆಲಸ. ಕಬ್ಬಿಣದ ಸರಳಿಗೆ ಜಾಳಿಗಿ ಸುತ್ತಿ, ಸಿಮೆಂಟಿನ ಗಿಲಾವ್ ಬಡದು, ಅದು ಹಸಿ ಇದ್ದಾಗಲೇ ಅವ್ವನ ಮುರಕ ಬಾಚಣಿಕಿಲೆ ಗೀರತಿದ್ದ. ತೊಗಟಿ ಬಂತು ಅನ್ರಿ! ಮ್ಯಾಲ ಕಾವಿ, ಮಸಿ. ಅವ ಹಂಗ ಮಾಡಿದ ಬೆಂಚಿನ ಮ್ಯಾಲ ಕುಂಡರೋ ಮೊದಲು ಗೆದ್ದಲ ಐತೇನು ಅಂತ ಮಂದಿ ಬಡದು ನೋಡ್ತಿದ್ರು. ಅಪ್ಪಗ ಅದಕ್ಕಿಂತ ದೊಡ್ಡ ಖುಷಿ ಇರಲಿಲ್ಲ. "ಸಿಮೆಂಟು ಅಂತ ಯಾರಿಗೂ ಹೇಳಬ್ಯಾಡ್ರಿ" ಅಂತ ನನಗೂ ಅವ್ವಗೂ ತಾಕೀತು ಮಾಡಿದ್ದ.

ನಾಶಿಕದಾಗ ಒಂದು ಕಾಲನಿ ತೋಟಕ್ಕ ದೊಡ್ಡ ಆಲದ ಬೊಡ್ಡಿ ಮಾಡಿದ, ಬಿಳಲು ಸಮೇತ. ಒಳಗ ನೀರಿನ ಪಂಪು. ಮ್ಯಾಲ ಖರೇ ಬಳ್ಳಿ ಹಬ್ಬಿಸಿದ್ರು. ಎಲಿ ಯಾವುದರದು ಅಂತ ಯಾರು ನೋಡ್ತಾರ? ಅದರ ಹಿಂದಿನ ತಗಡಿನ ಶೆಡ್ಡಿನಾಗ ನಾವಿದ್ವಿ. ಆ ಕೆಲಸ ಮುಗಿಯೂದರಾಗ ಅಪ್ಪನ ಕೆಮ್ಮು ಎದೀಗೆ ಇಳಿದು, ಅವ ಹೊರಸು ಹಿಡಿದ.

ಕಾರಹುಣ್ಣಿಮಿ ಬಂತು. ಆ ದಿನ ಅಲ್ಲಿಯ ಹೆಣ್ಣಮಕ್ಕಳು ಗಂಡನ ಆಯುಷ್ಯ ಬೇಡಿ ಆಲದ ಮರಕ್ಕ ದಾರ ಸುತ್ತತಾರ. ಅವ್ವಗೂ ಆ ರೂಢಿ ಹತ್ತಿತ್ತು. ಖರೇ ಆಲದ ಮರ ದೂರ, ಅಪ್ಪನ್ನ ಬಿಟ್ಟು ಹೋಗೂ ಹಂಗಿಲ್ಲ. ಸೀದಾ ಆ ಸಿಮೆಂಟಿನ ಬೊಡ್ಡಿಗೇ ದಾರ ಸುತ್ತಿದಳು.

ಹೊರಸಿನ ಮ್ಯಾಲಿಂದ ಅಪ್ಪ ನಕ್ಕ. "ಏ ಹುಚ್ಚಿ, ಅದು ಏನ್ ಕೊಡತೈತಿ? ಪಂಪಿನ ನೀರು?"

"ನೀವು ಸುಮ್ನ ಮಲಕೋರಿ. ಆ ಮರಕ್ಕ ಒಣಗೂದು ಗೊತ್ತಿಲ್ಲ. ನಿಮ್ಮ ಕೈಯಾಗ ಹುಟ್ಟೇತಿ, ನಿಮ್ಮನ್ನ ಬಿಟ್ಟಕೊಡೂದಿಲ್ಲ."

ನನಗೂ ಹಂಗ ಅನಿಸಿತ್ತು. ಮಳಿಗಾಲ ಮುಗಿಯೂದರಾಗ ಅಪ್ಪ ಹೋದ. ಹಾಳಾದ್ದು ಆ ಸಿಮೆಂಟಿನ ಧೂಳು! ಅದರ ಮ್ಯಾಲಿನ ಸಿಟ್ಟು ನನಗ ಇನ್ನೂ ಆರಿಲ್ಲ.

ಮುಂದಿನ ಕಾರಹುಣ್ಣಿಮಿಗೂ ನಾವು ಅದೇ ಶೆಡ್ಡಿನಾಗಿದ್ವಿ. ಕಾಲನಿಯ ಹೊಸ ಸೊಸೆಂದಿರು ಪೂಜಾ ತಾಟು ಹಿಡಕೊಂಡು ತೋಟಕ್ಕ ಬಂದ್ರು. ಬಿಳಲಿನ ಸಂದ್ಯಾಗ ಅವ್ವನ ಹಳೇ ದಾರ ಮಾಸಿ ಹಂಗೇ ಇತ್ತು. ಅದನ್ನ ನೋಡಿ, ಇಲ್ಲೂ ಪೂಜಾ ನಡಿತೈತಿ ಅಂತ ತಿಳಕೊಂಡಿದ್ರು. ಮುತ್ತೈದೆಯರಿಗೆ ಗಂಡ ಸತ್ತಾಕಿ ಎದುರು ಬರಬಾರದು ಅಂತ ಅವ್ವ ಶೆಡ್ಡಿನ ಬಾಗಲಾ ದಾಟಿರಲಿಲ್ಲ. ಒಬ್ಬಾಕಿ ದಾರದ ತುದಿ ಹಚ್ಚಿದ್ದೇ ತಡ, ಬಳಿ ಇಲ್ಲದ ಬರಿಗೈಲೆ ಅವ್ವ ಓಡಿದಳು.

"ಬ್ಯಾಡ್ರವ್ವಾ! ಅದು ಮರ ಅಲ್ಲ, ಸಿಮೆಂಟ್!"

ಕನ್ನಡದಾಗೇ ಒದರಿದಳು. ಅವರಿಗೆ ಸಿಮೆಂಟ್ ಅನ್ನೂದಷ್ಟ ತಿಳೀತು. ಒಬ್ಬಾಕಿ ಉಗುರಿಲೆ ಕೆರದು ನೋಡಿದಳು, ಇನ್ನೊಬ್ಬಾಕಿ ದಾರ ಬಿಚ್ಚಿಕೊಂಡಳು. ಅವರು ಹೋದಮ್ಯಾಲ ಅವ್ವ ಆ ಬೊಡ್ಡಿಗೆ ಹಣಿ ಹಚ್ಚಿ ಅತ್ತಳು.

"ನೀವು ಹೇಳಬ್ಯಾಡಂದಿದ್ದು ಹೇಳಿಬಿಟ್ಟೆ ನೋಡ್ರಿ" ಅಂದಳು.