ಮೂವತ್ತು ಸಾವಿರದ ಮೂವತ್ತೊಂದನೇ ಕಲ್ಲು

ಬೀದಿಯವರು ಅವನನ್ನು ನೆಲದ ಮೇಸ್ತ್ರಿ ಎನ್ನುತ್ತಿದ್ದರು. ಬೆರಳ ತುದಿಯಷ್ಟು ಚೌಕದ ಬಣ್ಣದ ಕಲ್ಲುಗಳನ್ನು ಕೂರಿಸಿ ನೆಲಕ್ಕೆ ಚಿತ್ತಾರ ತೆಗೆಯುವುದು ಅವನ ಕಸುಬು. ಅವನಿಗೊಂದು ಖಯಾಲಿ: ಯಾವ ಸಂಖ್ಯೆ ಸಿಕ್ಕರೂ ಅದನ್ನು ಸಮಸಾಲುಗಳಾಗಿ ಒಡೆದು ನೋಡದೆ ತುತ್ತು ಗಂಟಲಲ್ಲಿ ಇಳಿಯದು.

ಗಂಡ ತೀರಿಕೊಂಡ ಮೇಲೆ ಅವನ ಅಕ್ಕ ಈ ಮನೆಗೆ ಬಂದಿದ್ದಳು. ತಾನೇ ಹೊಲಿದ ಪುಟ್ಟ ದಿಂಬನ್ನು ಮಂಡಿಯಡಿಗೆ ಹಾಕಿಕೊಂಡು ತಮ್ಮನ ಪಕ್ಕದಲ್ಲೇ ಕಲ್ಲು ಕೂರಿಸುತ್ತಿದ್ದಳು. ಕೈ ಚುರುಕು, ಮಾತು ಕಡಿಮೆ. ಯಾರಿಗೂ ಹೊರೆಯಾಗಬಾರದೆಂಬ ಹಟ ಮಾತ್ರ ವಿಪರೀತ.

ಗ್ರಂಥಾಲಯವೊಂದರ ಹಜಾರಕ್ಕೆ ಸರಿಯಾಗಿ ಮೂವತ್ತು ಸಾವಿರದ ಮೂವತ್ತು ಕಲ್ಲು ಬೇಕೆಂದು ತಿಳಿದ ದಿನ ಮೇಸ್ತ್ರಿಯ ಕಾಲು ನೆಲದ ಮೇಲಿರಲಿಲ್ಲ. ಊಟಕ್ಕೆ ಕೂತವನು ಹೆಂಡತಿಗೂ ಅಕ್ಕನಿಗೂ ಆ ಸಂಖ್ಯೆಯ ಗುಣಗಾನವನ್ನೇ ಬಡಿಸಿದ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಇವಿಷ್ಟನ್ನೂ ಗುಣಿಸಿದರೆ ಬರುವುದು ಅದು. ಆರರಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಕಲ್ಲೂ ಮಿಗುವುದಿಲ್ಲ, ಬೇಕಾದ ಹಾಗೆ ಸಾಲು ಹಾಕಬಹುದು. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಚೆನ್ನಾಗಿತ್ತು.

"ಅದಕ್ಕೆ ಇನ್ನೊಂದು ಸೇರಿಸಿ, ಎಲ್ಲಾ ಕೆಟ್ಟೋಯ್ತು," ಎಂದ. "ಹೆಚ್ಚಿಗೆ ಬಂದ ಆ ಕಲ್ಲಿಗೆ ಯಾವ ಸಾಲಲ್ಲೂ ಜಾಗ ಇಲ್ಲ."

ಅಕ್ಕ ತಟ್ಟೆ ತೊಳೆದಿಟ್ಟು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಅವಳ ಚೀಲ ಬಾಗಿಲ ಬಳಿ ಇತ್ತು. ಒಂಟಿ ಹೆಂಗಸರ ವಸತಿಗೃಹಕ್ಕೆ ಫೋನ್ ಮಾಡಿ ಕೋಣೆ ಗೊತ್ತು ಮಾಡಿದ್ದೇನೆ, ಮಧ್ಯಾಹ್ನ ಹೊರಡುತ್ತೇನೆ ಎಂದಳು. ಹೆಂಡತಿ ಗಂಡನನ್ನು ಹಿತ್ತಲಿಗೆ ಕರೆದು, ನಿನ್ನೆ ಅವನ ಬಾಯಿಂದ ಉದುರಿದ ಮುತ್ತನ್ನು ನೆನಪಿಸಿದಳು. ಕಲ್ಲಿನ ಬಗ್ಗೆ ಆಡಿದ ಮಾತು ಅಕ್ಕನಿಗೆ ನಾಟಿತ್ತು.

ಸಮಾಧಾನದ ಮಾತು ಅವನಿಗೆ ಬಾರದು. ಆದರೆ ಒಂದು ವಿಷಯ ಹೊಳೆಯಿತು: ಒಂದು ಕಲ್ಲು ಹೆಚ್ಚಾದ ಆ ಸಂಖ್ಯೆಯನ್ನು ಆ ಆರನ್ನು ಬಿಟ್ಟು ಬೇರೆ ಯಾವುದರಿಂದಲೂ ತಾನು ಭಾಗಿಸಿಯೇ ನೋಡಿರಲಿಲ್ಲ. ಸೀಮೆಸುಣ್ಣ ಹಿಡಿದು ಹಿತ್ತಲ ಗೋಡೆಯ ಮುಂದೆ ನಿಂತ. ಹದಿನೇಳು, ಹತ್ತೊಂಬತ್ತು, ಇಪ್ಪತ್ತಮೂರು, ಎಲ್ಲವೂ ಕೈಕೊಟ್ಟವು. ನಲವತ್ತು ದಾಟಿತು, ಐವತ್ತು ದಾಟಿತು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಐವತ್ತೊಂಬತ್ತರಿಂದ ಭಾಗಿಸಿದ. ಏನೂ ಮಿಗಲಿಲ್ಲ.

ಚೀಲ ಎತ್ತಿಕೊಂಡಿದ್ದ ಅಕ್ಕನನ್ನು ಹಾಗೇ ಗೋಡೆಯ ಮುಂದೆ ತಂದು ನಿಲ್ಲಿಸಿದ.

"ಪೂರ್ತಿ ನೋಡ್ದೇನೇ ಹೇಳ್ಬಿಟ್ಟೆ, ಅಕ್ಕ. ಸಾಲಿಗೆ ಐವತ್ತೊಂಬತ್ತು ಇಟ್ರೆ ಐನೂರ ಒಂಬತ್ತು ಸಾಲಾಗತ್ತೆ. ಎಲ್ಲದಕ್ಕೂ ಜಾಗ ಇದೆ. ನೀನು ಹೋಗ್ಬೇಡ."

ತಮ್ಮನ ಮಾತನ್ನು ಸುಮ್ಮನೆ ನಂಬುವವಳಲ್ಲ ಅವಳು. ಸೀಮೆಸುಣ್ಣ ಇಸಿದುಕೊಂಡು ಐನೂರ ಒಂಬತ್ತನ್ನು ಅರವತ್ತರಿಂದ ಗುಣಿಸಿ, ಬಂದದ್ದರಲ್ಲಿ ಒಂದು ಐನೂರ ಒಂಬತ್ತನ್ನು ಕಳೆದಳು. ಮೂವತ್ತು ಸಾವಿರದ ಮೂವತ್ತೊಂದೇ ಬಂತು. ಕಣ್ಣು ತುಂಬಿತ್ತು.

"ಇಷ್ಟು ಉದ್ದಕ್ಕೆ ಇಷ್ಟು ಕಡಿಮೆ ಅಗಲದ ನೆಲ ಎಲ್ಲಿರತ್ತೋ?" ಎಂದಳು.

"ನಮ್ಮನೇಲೇ. ಮುಂಬಾಗಿಲಿಂದ ಹಿತ್ತಲವರೆಗಿನ ಓಣಿ ಇನ್ನೂ ಬರೀ ಸಿಮೆಂಟು."

ಊರಿಗೆಲ್ಲ ನೆಲ ಹಾಕುವವನಿಗೆ ಮನೆಯ ನೆಲ ಈಗ ಕಣ್ಣಿಗೆ ಬಿತ್ತಲ್ಲ ಎಂದು ಹೆಂಡತಿ ಗೊಣಗಿದಳು. ಅಕ್ಕ ಆ ಓಣಿಯನ್ನು ಒಮ್ಮೆ ನೋಡಿದಳು. ಆಮೇಲೆ ಅಲ್ಲೇ ಕೂತು ಚೀಲ ಬಿಚ್ಚಿ, ಬಟ್ಟೆಗಳ ಅಡಿಯಿಂದ ಮಂಡಿಯ ದಿಂಬನ್ನು ಹೊರಗೆ ತೆಗೆದಳು.