ಮಾಲಕ್ರ ಹಾರ್ನು, ಮುದುಕಿ ತುಳಸಿ

ಕೇಳ್ರಿ ದೋಸ್ತರ, ಇವತ್ತು ತಲಿ ಕೆಟ್ಟು ಕುಂತೀನಿ. ನಾಶಿಕದಾಗ ನಾ ಕಾರು ಹೊಡಿಯೋದು ಉಡುಪಿ ಕಡಿ ಹೊಟೇಲ್ ಮಾಲಕ್ರೊಬ್ಬರ ಹತ್ರ. ತ್ರ್ಯಂಬಕೇಶ್ವರಕ್ಕ ನಡಕೊಂಡು ಹೋಗೋ ವಾರಕರಿ ಭಕ್ತರಿಗೆ ಅವ್ರು ಮುಂಜಾನೆ ಹೊಟೇಲ್ ಮುಂದ ನಿಂತು ಪುಕಟ ಚಾ ಕೊಟ್ರು. ಒಬ್ಬೊಬ್ಬರನ್ನೂ "ಮಾವುಲಿ", ಅಂದ್ರ ತಾಯಿ, ಅಂತ ಕರದು ಕಾಲು ಮುಟ್ಟಿದ್ರು. ನೋಡಿ ನನಗೂ ಕಣ್ಣು ತುಂಬಿ ಬಂತು.

ಆಮ್ಯಾಲೆ ಅಭಿಷೇಕಕ್ಕಂತ ಅದೇ ದಾರಿಗೆ ಅಂಬಾಸಿಡರ್ ತೆಗದ್ವಿ. ಮುಂದ ಅದೇ ವಾರಕರಿಗಳ ದಿಂಡಿ, ಭಜನಿ ಮೆರವಣಿಗಿ, ರಸ್ತಾ ತುಂಬ ಮಂದಿ. ರಸ್ತಾದ ಬೋರ್ಡಿನ ಮ್ಯಾಲೆ ಸ್ಪೀಡ್ ಮೂವತ್ತು ಅಂತ ಇದ್ರೂ ನಾ ಹತ್ತು ದಾಟಲಿಲ್ಲ.

"ಎಂಥ ಮಾರಾಯ, ಎತ್ತಿನ ಗಾಡಿಯಾ ಇದು? ಹಾರ್ನ್ ಹಾಕು!"

"ಹೆಂಗ ಹಾಕ್ಲಿರಿ ಮಾಲಕ್ರ, ವಯಸ್ಸಾದವ್ರು ನಡ್ಯಾಕತ್ತಾರ."

"ಪೂಜೆ ಟೈಮ್ ಮೀರ್ತದೆ!"

ಅಂದವ್ರೇ ಬಾಜೂಕ ಕುಂತಲ್ಲಿಂದ ಕೈ ಚಾಚಿ ತಾವೇ ಹಾರ್ನ್ ಒತ್ತಿ ಹಿಡದ್ರು. ಮುಂದಿದ್ದ ಮುದುಕಿ ಬೆದರಿ ಪಕ್ಕಕ್ಕ ಹಾರಿದ್ಳು. ತಲಿ ಮ್ಯಾಲಿನ ತುಳಸಿ ಕುಂಡ ಬಿದ್ದು ಒಡೀತು. ಅಲ್ಲೇ ಕುಂತು ಮಣ್ಣು ಸಹಿತ ಗಿಡಾನ ಸೆರಗಿನ್ಯಾಗ ತುಂಬಿಕೊಂಡ್ಳು. ಎದ್ದು ಕಾರಿನ ಒಳಗ ಹಣಿಕಿ ಹಾಕಿದವಳು ಮಾಲಕ್ರ ಗುರುತು ಹಿಡದು ಕೈ ಮುಗದ್ಳು.

"ಮಾವುಲಿ, ಮುಂಜಾನೆ ಚಾ ಭಾಳ ಛಲೋ ಇತ್ತು" ಅಂದ್ಳು, ಮರಾಠಿಯೊಳಗ.

ಮಾಲಕ್ರು ಕಿಡಕಿ ಗ್ಲಾಸು ಏರಿಸಿದ್ರು. "ನಡಿ, ನಡಿ."

ನಾಳೆನೂ ಹೊಟೇಲ್ ಮುಂದ ಪುಕಟ ಚಾ ಅದ ಅಂತ. ವಾರಕರಿಗಳ ಕಾಲು ಮುಟ್ಟಿದ್ರ ಪುಣ್ಯ, ಅದೇ ಕಾಲಿಲೆ ಅವರು ರಸ್ತಾದಾಗ ನಡದ್ರ ಅಡ್ಡಿ.